ಮಿದುಳಿನ ಕೋಶದೊಳಗೆ ಸಕ್ಸಿನೇಟ್ ಡಿಹೈಡ್ರೋಜಿನೇಸ್ ಇರುವ ಜಾಗವನ್ನು ಗುರುತಿಸುವ ಬಗೆ

ಸಕ್ಸಿನೇಟ್ ಎಂಬ ವಸ್ತುವಿನಿಂದ ಎಲೆಕ್ಟ್ರಾನುಗಳನ್ನು ತೆಗೆಯುವ ಈ ಕಿಣ್ವವು, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಒಳಪೊರೆಯಲ್ಲಿ ನೆಲೆಸಿರುತ್ತದೆ. ದಾವಣಗೆರೆಯ ಮಾಂಸದಂಗಡಿಯಿಂದ ಆಗಷ್ಟೇ ತೆಗೆದ ಕುರಿಯ ಮಿದುಳನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಪ್ರಯೋಗಾಲಯಕ್ಕೆ ತರಬೇಕು. ಏಪ್ರಿಲ್ ತಿಂಗಳ ನಮ್ಮೂರಿನ ಬಿಸಿಲಿನಲ್ಲಿ ಮಂಜುಗಡ್ಡೆಯಿಲ್ಲದೆ ತಂದ ಮಿದುಳು ಈ ಕೆಲಸಕ್ಕೆ ಒದಗುವುದಿಲ್ಲ.

ಅಂಗಾಂಶವನ್ನು ಕೆಡದಂತೆ ಇಡಲು ಬಳಸುವ ಫಾರ್ಮಲಿನ್ ಕಿಣ್ವದ ಚಟುವಟಿಕೆಯನ್ನು ಕುಂದಿಸುವುದರಿಂದ ಅದನ್ನು ಬಳಸದೆ, ಸಣ್ಣ ತುಂಡನ್ನು ಬೇಗನೆ ಹೆಪ್ಪುಗಟ್ಟಿಸಿ, ಸುಮಾರು ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನ ಕ್ರಯೊಸ್ಟಾಟ್‌ನಲ್ಲಿ (ಹೆಪ್ಪುಗಟ್ಟಿದ ತುಂಡನ್ನು ತೆಳುವಾಗಿ ಸೀಳುವ ತಣ್ಣನೆಯ ಯಂತ್ರ) 10 ಮೈಕ್ರೊಮೀಟರ್ ದಪ್ಪದ ಸೀಳುಗಳನ್ನು ಮಾಡಿಕೊಳ್ಳಿ. ಬಳಿಕ ಸೋಡಿಯಂ ಸಕ್ಸಿನೇಟ್ ಮತ್ತು ನೈಟ್ರೊ ಬ್ಲೂ ಟೆಟ್ರಜೋಲಿಯಂ ಬೆರೆಸಿದ ಫಾಸ್ಫೇಟ್ ಬಫರ್‌ನಲ್ಲಿ (ಆಮ್ಲತೆಯನ್ನು ಸ್ಥಿರವಾಗಿಡುವ ದ್ರಾವಣ), 37 ಡಿಗ್ರಿಯಲ್ಲಿ, ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಇರಿಸಿ. ಕಿಣ್ವವು ಸಕ್ಸಿನೇಟಿನಿಂದ ತೆಗೆದ ಎಲೆಕ್ಟ್ರಾನುಗಳು ಟೆಟ್ರಜೋಲಿಯಮ್ಮನ್ನು ಸೇರಿದಾಗ, ಅದು ನೀರಿನಲ್ಲಿ ಕರಗದ ಫಾರ್ಮಜಾನ್ ಎಂಬ ನೀಲಿ ಬಣ್ಣದ ವಸ್ತುವಾಗಿ ಅಲ್ಲಿಯೇ ತಂಗುತ್ತದೆ.

ಹೋಲಿಕೆಯ ಸೀಳನ್ನು ಇಡದೆ ಬಿಟ್ಟುಬಿಡುವುದು ವಿದ್ಯಾರ್ಥಿಗಳ ಹಳೆಯ ಚಾಳಿ. ಸಕ್ಸಿನೇಟ್ ಹಾಕದ ಒಂದನ್ನೂ, ಕಿಣ್ವವನ್ನು ತಡೆಯುವ ಮ್ಯಾಲೊನೇಟ್ ಬೆರೆಸಿದ ಇನ್ನೊಂದನ್ನೂ ಜೊತೆಗಿಡದಿದ್ದರೆ, ಕಂಡ ನೀಲಿಯು ಈ ಕಿಣ್ವದ್ದೇ ಎಂದು ಹೇಳಲು ನಿಮಗೆ ಆಧಾರವಿರುವುದಿಲ್ಲ.

ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ನೀಲಿ ಕಣಗಳು ಕೋಶದ್ರವದಲ್ಲಿ ಕಾಣುತ್ತವೆ, ಕೋಶಕೇಂದ್ರ ಬರಿದಾಗಿರುತ್ತದೆ. ಒಳಪೊರೆಯನ್ನೂ ಹೊರಪೊರೆಯನ್ನೂ ಬೇರ್ಪಡಿಸಿ ನೋಡಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು.