ಕರೆಂಟು ಹೋದಾಗ ಅರ್ಧಕ್ಕೆ ನಿಂತ ವೋಚರ್

ಮಲೆನಾಡಿನ ಒಂದು ಅಡಿಕೆ ಮಂಡಿಗೆ ನಾನು ಲೆಕ್ಕದ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ಮಳೆಗಾಲದ ಒಂದು ಸಂಜೆ ಗುಮಾಸ್ತರ ಫೋನ್ ಬಂತು. "ಸಾರ್, ಟ್ರಯಲ್ ಬ್ಯಾಲೆನ್ಸ್ ತಾಳೆ ಆಗ್ತಾ ಇಲ್ಲ, 18,400 ರೂಪಾಯಿ ವ್ಯತ್ಯಾಸ ಬರ್ತಿದೆ. ಸಸ್ಪೆನ್ಸ್‌ಗೆ ಹಾಕಿಬಿಡ್ಲಾ?"

ಟ್ರಯಲ್ ಬ್ಯಾಲೆನ್ಸ್ ಎಂದರೆ ಎಲ್ಲ ಖಾತೆಗಳ ಡೆಬಿಟ್, ಕ್ರೆಡಿಟ್ ಮೊತ್ತ ಸಮ ಬರುತ್ತದಾ ಎಂದು ನೋಡುವ ಪಟ್ಟಿ. ಸಸ್ಪೆನ್ಸ್ ಎಂದರೆ ಕಾರಣ ಗೊತ್ತಾಗದ ವ್ಯತ್ಯಾಸವನ್ನು ಸದ್ಯಕ್ಕೆ ಹಾಕಿಡುವ ಖಾತೆ. ಬೇಡ, ಯಾವುದನ್ನೂ ಮುಟ್ಟಬೇಡಿ ಎಂದೆ. ಮಧ್ಯಾಹ್ನ ಕರೆಂಟು ಹೋಗಿತ್ತು, ಯುಪಿಎಸ್ ಬ್ಯಾಟರಿ ಕೈಕೊಟ್ಟಿತ್ತು. ಬೆಳೆಗಾರರೊಬ್ಬರಿಗೆ ಮುಂಗಡ ಕೊಟ್ಟ ವೋಚರ್ ಸೇವ್ ಆಗುತ್ತಿದ್ದಾಗಲೇ ಕಂಪ್ಯೂಟರ್ ಆರಿಹೋಗಿತ್ತು. ಅವರ ಖಾತೆಗೆ ಡೆಬಿಟ್ ಬಿದ್ದಿತ್ತು, ನಗದು ಖಾತೆಗೆ ಕ್ರೆಡಿಟ್ ಬಿದ್ದಿರಲಿಲ್ಲ.

ನನಗೆ ಅರ್ಥವೇ ಆಗಲಿಲ್ಲ. ಕೋಡಿನಲ್ಲಿ ಟ್ರಾನ್ಸಾಕ್ಷನ್ ಶುರು, ಕಮಿಟ್, ರೋಲ್‌ಬ್ಯಾಕ್ ಎಲ್ಲಾ ಇತ್ತಲ್ವಾ? ಟ್ರಾನ್ಸಾಕ್ಷನ್ ಎಂದರೆ ಅದರೊಳಗೆ ಬರೆದದ್ದೆಲ್ಲ ಒಟ್ಟಿಗೆ ಉಳಿಯಬೇಕು (ಕಮಿಟ್), ಇಲ್ಲವೇ ಒಂದೂ ಉಳಿಯಬಾರದು (ರೋಲ್‌ಬ್ಯಾಕ್). ರಾತ್ರಿ ಕೂತು ನೋಡಿದರೆ ಟೇಬಲ್‌ಗಳೆಲ್ಲ ಮೈಐಸ್ಯಾಮ್ ಎಂಬ ಹಳೇ ಎಂಜಿನ್ನಿನಲ್ಲಿ (ಎಂಜಿನ್ ಎಂದರೆ ಡೇಟಾವನ್ನು ಡಿಸ್ಕಿಗೆ ಬರೆಯುವ ಭಾಗ)! ನಾನು ಬಳಸಿದ ಡೇಟಾಬೇಸ್ ಮೈಎಸ್‌ಕ್ಯೂಎಲ್‌ನಲ್ಲಿ 5.5ರಿಂದ ಟ್ರಾನ್ಸಾಕ್ಷನ್ ಗೊತ್ತಿರುವ ಇನ್ನೋಡಿಬಿ ಎಂಜಿನ್ನೇ ಡಿಫಾಲ್ಟ್, ಆದರೆ ನಾನು ಹಳೇ ಸರ್ವರಿನ ಬ್ಯಾಕಪ್ಪನ್ನು ಹಾಗೇ ತಂದು ಹಾಕಿದ್ದೆ, ಆ ಫೈಲಿನಲ್ಲಿ ಪ್ರತಿ ಟೇಬಲ್‌ಗೂ ಹಳೇ ಎಂಜಿನ್ನಿನ ಹೆಸರೇ ಬರೆದಿತ್ತು. ಮೈಐಸ್ಯಾಮ್‌ಗೆ ಟ್ರಾನ್ಸಾಕ್ಷನ್ ಗೊತ್ತಿಲ್ಲ. ಎರರ್ ಕೂಡ ಕೊಡುವುದಿಲ್ಲ, ಒಂದೊಂದು ಸಾಲನ್ನೂ ಆಗಿಂದಾಗ್ಗೆ ಬರೆದುಬಿಡುತ್ತದೆ.

ಮೊದಲು ಪೂರ್ತಿ ಬ್ಯಾಕಪ್ ತೆಗೆದೆ. ಆಮೇಲೆ ಪ್ರತಿ ವೋಚರಿನ ಡೆಬಿಟ್, ಕ್ರೆಡಿಟ್ ಮೊತ್ತ ಕೂಡಿಸಿ ಹೊಂದದೇ ಇರುವುದನ್ನು ಹುಡುಕಿದೆ. ಒಂದೇ ಸಿಕ್ಕಿತು. ಸುಮ್ನೆ ಇರಲಿ ಎಂದು ಇನ್ನೊಂದು ಕ್ವೆರಿ ಹಾಕಿದೆ: ವೋಚರ್ ನಂಬರ್ ಇದ್ದು, ಒಳಗೆ ಒಂದು ಸಾಲೂ ಇಲ್ಲದವು ಇವೆಯಾ? ಜೂನ್ ತಿಂಗಳದ್ದೊಂದು ಇತ್ತು. ಎರಡೂ ಕಡೆ ಏನೂ ಬೀಳದೇ ಇದ್ದದ್ದರಿಂದ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗುತ್ತಲೇ ಇತ್ತು. ಯಾರೋ ಕೊಟ್ಟ ದುಡ್ಡು ಲೆಕ್ಕದಲ್ಲೇ ಇರಲಿಲ್ಲ. ಅದನ್ನು ನೋಡಿ ನಿಜಕ್ಕೂ ಹೊಟ್ಟೆ ಕಿವುಚಿದ ಹಾಗಾಯಿತು. ಎರಡನ್ನೂ ಕಾಗದದ ವೋಚರ್ ಪುಸ್ತಕ ನೋಡಿಯೇ ಸರಿ ಮಾಡಿದೆವು.

ಟೇಬಲ್‌ಗಳನ್ನು ಇನ್ನೋಡಿಬಿಗೆ ಬದಲಿಸಿದೆ. ಕಮಿಟ್ ಆದಾಗೆಲ್ಲ ಲಾಗ್ (ಬದಲಾವಣೆಗಳ ದಾಖಲೆ) ಡಿಸ್ಕಿಗೆ ಇಳಿಯುವ ಸೆಟ್ಟಿಂಗನ್ನು 1ರಲ್ಲೇ ಇಟ್ಟೆ. ಸ್ಪೀಡ್ ಬರುತ್ತದೆ ಎಂದು 2 ಮಾಡುವವರು ಇದ್ದಾರೆ. ಹಾಗೆ ಮಾಡಿದರೆ ಕರೆಂಟು ಹೋದಾಗ ಸುಮಾರು ಒಂದು ಸೆಕೆಂಡಿನ ಕೆಲಸ, ಕಮಿಟ್ ಆಗಿದ್ದರೂ, ಹೋಗಬಹುದು. ಲೆಕ್ಕದ ಕೆಲಸದಲ್ಲಿ ಅದನ್ನು ನಾನು ಒಪ್ಪುವುದಿಲ್ಲ. ಬಿಲ್ ನಂಬರಿಗೆ ಆಟೋ ಇಂಕ್ರಿಮೆಂಟ್ (ಡೇಟಾಬೇಸೇ ಮುಂದಿನ ನಂಬರ್ ಕೊಡುವ ಸೌಲಭ್ಯ) ಬಳಸುವುದನ್ನೂ ಬಿಟ್ಟೆ. ರೋಲ್‌ಬ್ಯಾಕ್ ಆದರೂ ಆ ನಂಬರ್ ವಾಪಸ್ ಬರುವುದಿಲ್ಲ, ಜಿಎಸ್‌ಟಿ ಬಿಲ್ಲಿನ ನಂಬರ್ ಸಾಲಾಗಿ ಇರಬೇಕು. ಈಗ ನಂಬರಿಗೆ ಬೇರೆ ಟೇಬಲ್ ಇದೆ, ಅದೇ ಟ್ರಾನ್ಸಾಕ್ಷನ್ನಿನೊಳಗೆ ಆ ಸಾಲನ್ನು ಲಾಕ್ ಮಾಡಿ ಒಂದು ಹೆಚ್ಚಿಸುತ್ತೇನೆ.

ಜಾಸ್ತಿ ತಲೆ ತಿಂದದ್ದು ಬೇರೆಯೇ. ಸರ್ವರ್ ಒಳಕೋಣೆಯಲ್ಲಿ, ಗುಮಾಸ್ತರ ಕಂಪ್ಯೂಟರ್ ಕೌಂಟರಿನಲ್ಲಿ. ಕಮಿಟ್ ಹೋಯಿತು, ಉತ್ತರ ಬರುವ ಮೊದಲೇ ನೆಟ್‌ವರ್ಕ್ ಕಡಿಯಿತು ಎಂದುಕೊಳ್ಳಿ. ಸೇವ್ ಆಯಿತಾ, ಇಲ್ಲವಾ? ಗುಮಾಸ್ತರು ಪಾಪ ಇನ್ನೊಮ್ಮೆ ಒತ್ತುತ್ತಾರೆ, ಮುಂಗಡ ಎರಡು ಸಲ ಬೀಳುತ್ತದೆ. ಅದಕ್ಕೆ ಹೊಸ ವೋಚರ್ ತೆರೆದ ಕೂಡಲೇ ಕೌಂಟರ್ ಕಂಪ್ಯೂಟರೇ ಅದಕ್ಕೊಂದು ಗುರುತು ಕೊಟ್ಟು ತನ್ನ ಡಿಸ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಸರ್ವರಿನಲ್ಲಿ ಆ ಗುರುತಿಗೆ ಯೂನಿಕ್ ಇಂಡೆಕ್ಸ್ ಇದೆ, ಅಂದರೆ ಒಂದೇ ಗುರುತು ಎರಡು ಸಲ ಸೇರಲು ಅದು ಬಿಡುವುದಿಲ್ಲ. ಎಷ್ಟು ಸಲ ಒತ್ತಿದರೂ ಅದೇ ಗುರುತು ಹೋಗುತ್ತದೆ, ಎರಡನೇ ಸಲ ಡುಪ್ಲಿಕೇಟ್ ಎಂದು ಬಂದರೆ ಮೊದಲನೆಯದೇ ಸೇವ್ ಆಗಿದೆ ಎಂದು ಅರ್ಥ.

ಇಷ್ಟಾದರೂ ಧೈರ್ಯ ಬರಲಿಲ್ಲ. ಮನೆಯಲ್ಲಿ ಒಂದು ಹಳೇ ಕಂಪ್ಯೂಟರಿಗೆ ಎಡೆಬಿಡದೆ ವೋಚರ್ ಕಳಿಸುವ ಸ್ಕ್ರಿಪ್ಟ್ ಬರೆದೆ, "ಸೇವ್ ಆಯ್ತು" ಎಂದು ಬಂದ ಗುರುತುಗಳನ್ನೆಲ್ಲ ನನ್ನ ಲ್ಯಾಪ್‌ಟಾಪಿನಲ್ಲಿ ಬರೆದುಕೊಳ್ಳುತ್ತಾ ಮಧ್ಯೆ ಪ್ಲಗ್ ಕಿತ್ತೆ. ಇಪ್ಪತ್ತು ಸಲ ಕಿತ್ತೆ. ಪ್ರತಿ ಸಲವೂ ಪಟ್ಟಿಯಲ್ಲಿದ್ದದ್ದೆಲ್ಲ ಡೇಟಾಬೇಸಿನಲ್ಲಿತ್ತು, ಅರ್ಧಂಬರ್ಧ ಒಂದೂ ಇರಲಿಲ್ಲ. ಮಾರನೇ ದಿನ ಮಂಡಿಗೆ ಹೋಗಿ ಹೊಸ ವರ್ಷನ್ ಹಾಕಿ, ಯುಪಿಎಸ್ಸಿಗೆ ಹೊಸ ಬ್ಯಾಟರಿಯನ್ನೂ ಹಾಕಿಸಿ ಬಂದೆ.