ಅತ್ತೆ, ನಾನು, ವಿಯೆನ್ನಾದ ನೀಲಿ ಡಬ್ಬಿ

2023ರ ಸೆಪ್ಟೆಂಬರಿನಲ್ಲಿ ನಮ್ಮೆಜಮಾನರಿಗೆ ವಿಯೆನ್ನಾದಲ್ಲಿ ಒಂದು ವಾರ ಆಫೀಸ್ ಕೆಲಸ ಬಿತ್ತು. ಬಾಲದ ಹಾಗೆ ನಾನು, ಅತ್ತೆ ಇಬ್ಬರೂ ಹೊರಟೆವು. ಅವರು ಬೆಳಗ್ಗೆ ಹೋದರೆ ಕತ್ತಲಾದ ಮೇಲೆ ಬರುವವರು. ಹಾಗಾಗಿ ಅತ್ತೆಗೆ ಊರು ತೋರಿಸುವ ಹೊಣೆ ನನ್ನ ತಲೆಗೆ ಬಂತು. ನನಗೆ ಜರ್ಮನ್ ಬರದು, ಅತ್ತೆಗೆ ಮಂಡಿನೋವು, ದಿನಾ ಟ್ಯಾಕ್ಸಿ ಹಿಡಿಯೋಣವೆಂದರೆ ಯೂರೋವನ್ನು ರೂಪಾಯಿಗೆ ಗುಣಿಸಿ ನೋಡುವ ಚಾಳಿ ಮೊದಲ ದಿನ ಯಾರಿಗೂ ಹೋಗುವುದಿಲ್ಲ.

ಇಳಿದದ್ದು ಭಾನುವಾರ ಸಂಜೆ. ವಿಮಾನ ನಿಲ್ದಾಣದಲ್ಲಿ ಮೊದಲು ಕಣ್ಣಿಗೆ ಬೀಳುವುದು ಹಸಿರು ಬಣ್ಣದ ಕ್ಯಾಟ್ ರೈಲಿನ ಬೋರ್ಡು. ಊರೊಳಗಿನ ವೀನ್ ಮಿಟ್ಟೆ ನಿಲ್ದಾಣಕ್ಕೆ 16 ನಿಮಿಷದಲ್ಲಿ ಮುಟ್ಟಿಸುತ್ತದೆ. ಅಲ್ಲಿಗೇ ಎಸ್7 ಎಂಬ ಸಾಮಾನ್ಯ ಲೋಕಲ್ ರೈಲೂ ಹೋಗುತ್ತದೆ, ಸುಮಾರು 25 ನಿಮಿಷ. ಆಗ ಅದರ ಟಿಕೆಟ್ಟು ಕ್ಯಾಟಿನ ಮೂರನೇ ಒಂದು ಪಾಲಿಗಿಂತ ಕಡಿಮೆ ಇತ್ತು. ಒಂಬತ್ತು ನಿಮಿಷ ಉಳಿಸಿ ನಾವೇನು ಮಾಡಬೇಕಿತ್ತು? ಎಸ್7 ಹತ್ತಿದೆವು.

ಉಳಿದುಕೊಂಡಿದ್ದು ನಾಶ್‌ಮಾರ್ಕ್ಟ್ ಸಂತೆಯ ಪಕ್ಕ, ಮೆಟ್ರೋದ ಹಸಿರು ಲೈನಾದ ಯು4ರಲ್ಲಿ ಕೆಟ್ಟೆನ್‌ಬ್ರ್ಯುಕೆನ್‌ಗಾಸೆ ನಿಲ್ದಾಣ. ಹೆಸರು ಬಾಯಿಗೆ ಸಿಗದೆ ಅತ್ತೆ ವಾರವಿಡೀ ಅದನ್ನು 'ಕೆಟ್ಟ ಸ್ಟೇಷನ್' ಎಂದೇ ಕರೆದರು. ವೀನ್ ಮಿಟ್ಟೆಯಿಂದ ಅದು ಮೂರೇ ನಿಲ್ದಾಣ. ನಾನು ಬಣ್ಣ ನೋಡಿದೆ, ದಿಕ್ಕು ನೋಡಲಿಲ್ಲ. ಅಲ್ಲಿ ಬೋರ್ಡಿನ ಮೇಲೆ ಬರೆದಿರುವುದು ಲೈನಿನ ಕೊನೆಯ ನಿಲ್ದಾಣದ ಹೆಸರು: ಒಂದು ಕಡೆ ಹ್ಯುಟ್ಟೆಲ್‌ಡೋರ್ಫ್, ಇನ್ನೊಂದು ಕಡೆ ಹೈಲಿಗೆನ್‌ಸ್ಟಾಟ್. ತಪ್ಪು ಗಾಡಿ ಹತ್ತಿ, ಮುಂದಿನ ಶ್ವೇಡೆನ್‌ಪ್ಲಾಟ್ಸ್‌ನಲ್ಲಿ ಪೆಟ್ಟಿಗೆಗಳ ಸಮೇತ ಇಳಿದು, ಎದುರಿನಿಂದ ಬಂದ ಗಾಡಿ ಹತ್ತಿ ವಾಪಸಾದೆವು. ಅವತ್ತಿನಿಂದ ನನ್ನ ಫೋನಿನಲ್ಲಿ ಹೋಗಬೇಕಾದ ನಿಲ್ದಾಣದ ಹೆಸರಿನ ಜೊತೆಗೆ ಆ ದಿಕ್ಕಿನ ಕೊನೆಯ ನಿಲ್ದಾಣದ ಹೆಸರನ್ನೂ ಬರೆದಿಟ್ಟುಕೊಳ್ಳುತ್ತಿದ್ದೆ.

ಸೋಮವಾರ ಬೆಳಗ್ಗೆ ಪಾಸಿನ ವಿಚಾರ. ಟಿಕೆಟ್ ಸಿಗುವ ಬೀಡಾ ಅಂಗಡಿಯಂಥ ಜಾಗಕ್ಕೆ ಅಲ್ಲಿ 'ಟ್ರಾಫಿಕ್' ಎನ್ನುತ್ತಾರೆ. ಬೆಂಗಳೂರಿನವರಿಗೆ ಆ ಪದ ಕೇಳಿದರೆ ಸಿಲ್ಕ್ ಬೋರ್ಡ್ ನೆನಪಾಗಬೇಕು. ಅಲ್ಲಿ ಸಿಗರೇಟು, ಪತ್ರಿಕೆ, ಬಸ್ ಟಿಕೆಟ್ಟು. ಆಗಿನ ದರ ಹೀಗಿತ್ತು: ಒಂದು ಪ್ರಯಾಣಕ್ಕೆ 2.40 ಯೂರೋ, 24 ಗಂಟೆಗೆ 8, 72 ಗಂಟೆಗೆ 17.10. ಸೋಮವಾರದಿಂದ ಮುಂದಿನ ಸೋಮವಾರ ಬೆಳಗ್ಗೆ 9 ಗಂಟೆವರೆಗೆ ನಡೆಯುವ ವಾರದ ಪಾಸಿಗೂ ಅದೇ 17.10! ಮೂರು ದಿನಕ್ಕೂ ವಾರಕ್ಕೂ ಒಂದೇ ಬೆಲೆ ಎಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ. ನಡುವಾರ ಬಂದಿಳಿದವರಿಗೆ ಲೆಕ್ಕ ಬೇರೆ, ನಮ್ಮಂತೆ ವಾರದ ಆರಂಭಕ್ಕೆ ಬಂದವರಿಗೆ ಬಂಗಾರ. (ಈಗ ದರಗಳು ಏರಿವೆ, ಪಾಸುಗಳೂ ಬದಲಾಗಿವೆ, ಹೊರಡುವ ಮೊದಲು ನೋಡಿಕೊಳ್ಳಿ.)

ನಾನು ಪಾಸ್ ತೆಗೆದುಕೊಂಡೆ. ಅತ್ತೆ ಒಪ್ಪಲಿಲ್ಲ. "ಸಾವಿರದೈನೂರು ರೂಪಾಯಿ ಕೊಟ್ಟು ಈ ಮಂಡಿ ಇಟ್ಕೊಂಡು ನಾನೆಷ್ಟು ತಿರುಗ್ತೀನಮ್ಮಾ? ನನಗೆ ಬಿಡಿ ಟಿಕೆಟ್ಟೇ ಸಾಕು" ಎಂದರು. ನಾಲ್ಕು ಬಿಡಿ ಟಿಕೆಟ್ ಕೊಂಡೆವು.

ಮೆಟ್ರೋದಲ್ಲಿ ಓಪೆರಾ ಹತ್ತಿರ ಬಂದು, ಅಲ್ಲಿಂದ ಡಿ ಟ್ರಾಮ್ ಹಿಡಿದು ಬೆಲ್ವೆಡೇರ್ ಅರಮನೆಗೆ ಹೊರಟೆವು. ವಿಯೆನ್ನಾದ ಮೆಟ್ರೋದಲ್ಲಿ ನಮ್ಮ ನಮ್ಮ ಮೆಟ್ರೋದಂತೆ ಗೇಟುಗಳಿಲ್ಲ, ಟ್ರಾಮಿನಲ್ಲಿ ಕಂಡಕ್ಟರ್ ಇಲ್ಲ, "ಯಾರ್ರೀ ಟಿಕೆಟ್ ಟಿಕೆಟ್" ಎನ್ನುವವರು ಯಾರೂ ಇಲ್ಲ. ನೆಟ್ಟಗೆ ನಡೆದು ಹತ್ತಿ ಕೂರುವುದಷ್ಟೇ. ನಾವೂ ಹಾಗೇ ಕೂತೆವು. ಅತ್ತೆ ಟಿಕೆಟ್ಟನ್ನು ಕೈಯಲ್ಲೇ ಹಿಡಿದಿದ್ದರು. ಎದುರು ಕೂತಿದ್ದ ಅಜ್ಜಿ ಅದನ್ನು ನೋಡಿ, ತಲೆಯಾಡಿಸಿ, ಕಂಬದ ಮೇಲಿದ್ದ ನೀಲಿ ಡಬ್ಬಿ ತೋರಿಸಿದರು. ಅರ್ಥವಾಗಲಿಲ್ಲ. ಆಕೆ ಎದ್ದು ಬಂದು ಅತ್ತೆಯ ಕೈಯಿಂದ ಟಿಕೆಟ್ ತೆಗೆದುಕೊಂಡು, ಬಾಣದ ಗುರುತಿದ್ದ ತುದಿಯನ್ನು ಡಬ್ಬಿಯ ಬಾಯಿಗೆ ತೂರಿಸಿದರು. ಟಕ್ ಎಂದಿತು. ಹೊರಬಂದ ಚೀಟಿಯ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ದಿನಾಂಕ, ಸಮಯ.

ಈ ಮುದ್ರೆ ಬೀಳದ ಟಿಕೆಟ್ಟು ಬರೀ ಕಾಗದ. ಮೆಟ್ರೋ ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮಿಗೆ ಹೋಗುವ ದಾರಿಯಲ್ಲೂ ಇದೇ ಡಬ್ಬಿಗಳಿವೆ, ನಾವು ಅದರ ಪಕ್ಕದಲ್ಲೇ ಹಾದು ಬಂದಿದ್ದೆವು. ತಪಾಸಣೆಯವರು ಮಫ್ತಿಯಲ್ಲಿ ಬರುತ್ತಾರೆ. ಸಿಕ್ಕಿಬಿದ್ದಿದ್ದರೆ ಆಗ 105 ಯೂರೋ ದಂಡ. ಗೊತ್ತಿರಲಿಲ್ಲ ಎಂದರೆ ಬಿಡುವುದಿಲ್ಲವಂತೆ. ಮೆಷಿನ್ನಿನಲ್ಲಿ ಕೊಳ್ಳುವಾಗ ಈಗಲೇ ಮುದ್ರೆ ಹಾಕಲೋ ಆಮೇಲೋ ಎಂಬ ಆಯ್ಕೆ ಬಂದರೆ, ಕೂಡಲೇ ಹೊರಡುವವರು 'ಈಗಲೇ' ಒತ್ತುವುದು ವಾಸಿ. ನನ್ನ ಪಾಸಿನ ಮೇಲೆ ವಾರ ಮೊದಲೇ ಅಚ್ಚಾಗಿತ್ತು, ಅದಕ್ಕೆ ಡಬ್ಬಿಯ ಹಂಗಿಲ್ಲ.

ಬೆಲ್ವೆಡೇರ್‌ನಲ್ಲಿ ಕ್ಲಿಮ್ಟ್‌ನ 'ಮುತ್ತು' ಚಿತ್ರದ ಮುಂದೆ ಅತ್ತೆ ಎರಡು ನಿಮಿಷ ನಿಂತು, "ಬಂಗಾರದ ಕೆಲಸ ಮೈಸೂರಿನ ಚಿತ್ರಗಳ ಹಾಗೇ ಇದೆ, ಆದರೆ ವಿಷಯ ಬೇರೆ" ಎಂದರು. ಅಲ್ಲಿಂದ ಓಪೆರಾಗೆ ವಾಪಸ್, ಎರಡನೇ ಟಿಕೆಟ್. ಆಮೇಲೆ ರಿಂಗ್ ರಸ್ತೆ. ಹಳೆಯ ಕೋಟೆಗೋಡೆ ಕೆಡವಿದ ಜಾಗದಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಮಾಡಿದ ಬೀದಿ ಅದು. ಪ್ರವಾಸಿಗರಿಗೆಂದೇ ಓಡುವ ಹಳದಿ ಟ್ರಾಮ್ ಆಗ ಇತ್ತು, ಅದಕ್ಕೆ ಬೇರೆ ಟಿಕೆಟ್ಟು. ನಮಗೆ ಅದು ಬೇಕಾಗಲಿಲ್ಲ. 2008ರವರೆಗೆ 1 ಮತ್ತು 2ನೇ ನಂಬರಿನ ಮಾಮೂಲಿ ಟ್ರಾಮುಗಳೇ ರಿಂಗಿಗೆ ಪೂರ್ತಿ ಸುತ್ತು ಹಾಕುತ್ತಿದ್ದವು. ಈಗ ಯಾವುದೂ ಪೂರ್ತಿ ಸುತ್ತುವುದಿಲ್ಲ; ಎರಡನ್ನೂ ಜೋಡಿಸಿಕೊಳ್ಳಬೇಕು. ಓಪೆರಾದಿಂದ 'ಪ್ರಾಟರ್ ಹೌಪ್ಟ್‌ಅಲೇ' ದಿಕ್ಕಿನ 1 ಹತ್ತಿದರೆ ಮ್ಯೂಸಿಯಂಗಳು, ಪಾರ್ಲಿಮೆಂಟು, ಬುರ್ಗ್ ಥಿಯೇಟರ್, ಯೂನಿವರ್ಸಿಟಿ ಎಲ್ಲ ಕಿಟಕಿಯಲ್ಲೇ ಮೆರವಣಿಗೆ ಬರುತ್ತವೆ. ಶ್ವೇಡೆನ್‌ಪ್ಲಾಟ್ಸ್‌ನಲ್ಲಿ ಇಳಿದು ಡೋರ್ನ್‌ಬಾಖ್ ಕಡೆಯ 2 ಹಿಡಿದರೆ ಉಳಿದ ಭಾಗ ಮುಗಿದು ಮತ್ತೆ ಓಪೆರಾ. ಬಿಡಿ ಟಿಕೆಟ್ಟಿನಲ್ಲಿ ಗಾಡಿ ಬದಲಿಸಬಹುದು, ಆದರೆ ಒಂದೇ ದಿಕ್ಕಿನ ಪ್ರಯಾಣ, ನಡುವೆ ಇಳಿದು ಕಾಫಿ ಕುಡಿಯುವ ಹಾಗಿಲ್ಲ. ನಾವು ಕುಡಿದೆವು. ಹೀಗೆ ಮೂರನೆಯದೂ ನಾಲ್ಕನೆಯದೂ ಖರ್ಚಾಗಿ, ಮನೆ ಸೇರುವಾಗ ಅತ್ತೆಯ 9.60 ಯೂರೋ ಒಂದೇ ದಿನಕ್ಕೆ ಮುಗಿದಿತ್ತು. ಮಂಗಳವಾರ ಬೆಳಗ್ಗೆ ನಾನು ಬಾಯಿ ಬಿಡುವ ಮೊದಲೇ ಅತ್ತೆ ಟ್ರಾಫಿಕ್ ಅಂಗಡಿಯ ಮುಂದೆ ನಿಂತು ಪರ್ಸ್ ತೆಗೆದರು.

ಪಾಸ್ ಬಂದ ಮೇಲೆ ಅವರ ವರಸೆಯೇ ಬದಲಾಯಿತು. ಎರಡು ಸ್ಟಾಪಿಗೂ ಟ್ರಾಮು. ಮಳೆ ಬಂದರೆ ಯಾವುದೋ ಗಾಡಿ ಹತ್ತಿ ಕೂರು, ಮಳೆ ನಿಂತಲ್ಲಿ ಇಳಿ. ಶ್ಯೋನ್‌ಬ್ರುನ್ ಅರಮನೆಗೆ ನಮ್ಮ ಯು4ರಲ್ಲೇ ಸೀದಾ ಹೋದೆವು. ಇಂಡಿಯಾದಲ್ಲಿ ಪ್ರಿಂಟ್ ಹಾಕಿಸಿಕೊಂಡು ಹೋಗಿದ್ದ ಹಳೆಯ ನಕ್ಷೆ ಮಾತ್ರ ಒಮ್ಮೆ ಕೈಕೊಟ್ಟಿತು: ನೇರಳೆ ಬಣ್ಣದ ಯು2 ಅದರಲ್ಲಿ ಕಾರ್ಲ್ಸ್‌ಪ್ಲಾಟ್ಸ್‌ಗೆ ಬರುತ್ತಿತ್ತು, ಕಾಮಗಾರಿಗೆಂದು ಆ ಭಾಗ 2021ರಿಂದಲೇ ಮುಚ್ಚಿತ್ತು. ಯು4 ಆದ ಮೇಲೆ ಯು6 ಇದೆ, ಯು5 ಇನ್ನೂ ಕಟ್ಟುತ್ತಿದ್ದಾರೆ. "ನಮ್ಮೂರಿನ ಹಾಗೇ" ಎಂದು ಅತ್ತೆಗೆ ಸಮಾಧಾನ.

ಮಂಡಿನೋವಿನವರು ಇದ್ದರೆ ಒಂದು ಮಾತು. ವಿಯೆನ್ನಾದಲ್ಲಿ ಎರಡು ಥರದ ಟ್ರಾಮು ಓಡುತ್ತಿದ್ದವು. ಹೊಸವುಗಳಲ್ಲಿ ಫುಟ್‌ಪಾತಿನಿಂದ ಹಾಗೇ ಒಳಗೆ ಹೆಜ್ಜೆ ಇಡಬಹುದು. ಹಳೆಯ ಕೆಂಪು ಗಾಡಿಗಳಿಗೆ ಕಡಿದಾದ ಮೆಟ್ಟಿಲು. ಸ್ಟಾಪಿನ ಫಲಕದಲ್ಲಿ ಎಷ್ಟು ನಿಮಿಷಕ್ಕೆ ಗಾಡಿ ಎನ್ನುವುದರ ಪಕ್ಕ ಗಾಲಿಕುರ್ಚಿಯ ಚಿಹ್ನೆ ಇದ್ದರೆ ಅದು ತಗ್ಗಿನ ಗಾಡಿ. ಗ್ರಿಂಟ್ಸಿಂಗ್‌ಗೆ ಹೋಗುವ 38ಕ್ಕೆ ಕಾದಾಗ ಮೊದಲು ಬಂದದ್ದು ಮೆಟ್ಟಿಲಿನದು, ಬಿಟ್ಟೆವು. ಗ್ರಿಂಟ್ಸಿಂಗ್‌ನಿಂದ 38ಎ ಬಸ್ಸು ಕಾಲೆನ್‌ಬೆರ್ಗ್ ಗುಡ್ಡದ ತುದಿವರೆಗೆ ಏರುತ್ತದೆ, ಅದೇ ಪಾಸಿನಲ್ಲಿ. ಕೆಳಗೆ ಇಡೀ ಊರು, ಡ್ಯಾನ್ಯೂಬ್ ನದಿ. ಪುಳಿಯೋಗರೆ ಡಬ್ಬಿ ಬಿಚ್ಚಿದ್ದು ಅಲ್ಲೇ. ಮೆಟ್ರೋದೊಳಗೆ ತಿನ್ನುವ ಯೋಚನೆ ಮಾಡಬೇಡಿ: 2019ರಿಂದ ಘಾಟು ವಾಸನೆಯ ಊಟ ಅಲ್ಲಿ ನಿಷಿದ್ಧ, ಇಂಗಿನ ಒಗ್ಗರಣೆ ಅದರಲ್ಲಿ ಖಂಡಿತ ಸೇರುತ್ತದೆ.

ಶನಿವಾರ 71ನೇ ನಂಬರಿನಲ್ಲಿ ಊರಾಚೆಯ ದೊಡ್ಡ ಸ್ಮಶಾನಕ್ಕೆ. ಸತ್ತವರನ್ನು ಕುರಿತು ಅಲ್ಲಿಯ ಜನ "71 ಹತ್ತಿದ" ಎನ್ನುತ್ತಾರೆ. ಎರಡನೇ ಗೇಟಿನಲ್ಲಿ ಇಳಿದರೆ ಬೀಥೋವನ್, ಶೂಬರ್ಟ್, ಬ್ರಾಮ್ಸ್ ಅಕ್ಕಪಕ್ಕ ಮಲಗಿದ್ದಾರೆ. ಸ್ಮಶಾನ ಎಷ್ಟು ದೊಡ್ಡದೆಂದರೆ ಒಳಗೇ 106 ಎಂಬ ಸಿಟಿ ಬಸ್ಸು ಓಡುತ್ತದೆ. ಗಾದೆಯ ಅರ್ಥ ಹೇಳಿದಾಗ ಅತ್ತೆ ಅಪಶಕುನವೆಂದು ಬೈಯುತ್ತಾರೇನೋ ಎಂದುಕೊಂಡೆ. "ವಾಪಸ್ ಬರೋಕೂ ಇದೇ ಪಾಸ್ ನಡೆಯತ್ತಲ್ಲ?" ಎಂದು ಕೇಳಿದರು ಅಷ್ಟೇ.

ಹೊರಟ ದಿನ ಸೋಮವಾರ. ವಿಮಾನ ನಿಲ್ದಾಣ ನಗರದ ವಲಯದಾಚೆ ಇರುವುದರಿಂದ ಪಾಸಿದ್ದವರು ಆ ಹೆಚ್ಚುವರಿ ತುಂಡಿಗಷ್ಟೇ ಬೇರೆ ಟಿಕೆಟ್ ತೆಗೆದುಕೊಂಡರೆ ಸಾಕು. ಪಾಸಿನ ಗಡುವು 9 ಗಂಟೆ, ನಾವು ಎಂಟೂಕಾಲರ ಹೊತ್ತಿಗೆ ವೀನ್ ಮಿಟ್ಟೆಯಲ್ಲಿ ಎಸ್7 ಹತ್ತಿದೆವು. ವಾರವಿಡೀ ಯಾರೂ ಟಿಕೆಟ್ ಕೇಳಿರಲಿಲ್ಲ. ಅವತ್ತು, ಕೊನೆಯ ಗಾಡಿಯಲ್ಲಿ, ಒಬ್ಬ ಬಂದ. ಎರಡನ್ನೂ ತೋರಿಸಿದೆವು. ಪಾಸ್ ನೋಡಿದ, ಗಡಿಯಾರ ನೋಡಿದ, "ಡಾಂಕೆ" ಎಂದು ಮುಂದೆ ಹೋದ. ಅತ್ತೆ ಪಾಸನ್ನು ಮಡಚಿ ಪರ್ಸಿಗಿಡುತ್ತಾ, "ಇನ್ನೂ ಅರ್ಧ ಗಂಟೆ ಉಳಿದಿತ್ತು ಕಣೇ ಇದರಲ್ಲಿ" ಎಂದರು.