ಕಚ್ಚಿಕೊಂಡ ಬೋಲ್ಟನ್ನು ಮುರಿಯದೆ ಬಿಚ್ಚುವುದು ಹೇಗೆ?

ಬೈಕಿನ ಇಂಜಿನ್ ಕವರ್ ಹಿಡಿದಿರುವ ಬೋಲ್ಟ್‌ಗಳು ಹೆಚ್ಚಾಗಿ 6 ಮಿ.ಮೀ. ದಪ್ಪದವು. ಅವನ್ನು ಬಿಗಿ ಮಾಡಲು ಸುಮಾರು 10 ನ್ಯೂಟನ್ ಮೀಟರ್ ತಿರುಚು ಬಲ ಸಾಕು. ಒಂದಡಿ ಉದ್ದದ ಹಿಡಿ ಕೈಗೆ ಸಿಕ್ಕರೆ ಅದರ ಮೂರು ಪಟ್ಟು ಬಲ ನಮಗೆ ಗೊತ್ತಾಗದ ಹಾಗೆ ಬಿದ್ದುಬಿಡುತ್ತದೆ. ಬೋಲ್ಟ್ ಮುರಿಯುವುದಕ್ಕೆ ಅಷ್ಟು ಬೇಕಾದಷ್ಟಾಯಿತು.

ನಾನು ಮೊದಲು ಮುರಿದದ್ದು ಸೈಲೆನ್ಸರ್ ಪೈಪ್ ಹಿಡಿದಿದ್ದ ಒಂದು ಸ್ಟಡ್, ಅಂದರೆ ತಲೆಯಿಲ್ಲದ ಬೋಲ್ಟ್. ತಿರುಗುತ್ತಿದೆ ಅಂತ ಖುಷಿಯಾಯಿತು. ಆದರೆ ಸದ್ದೇ ಇರಲಿಲ್ಲ, ರಬ್ಬರ್ ತಿರುಚಿದ ಹಾಗೆ ಮೆತ್ತಗಿತ್ತು. ಮರುಕ್ಷಣ ಅರ್ಧ ತುಂಡು ಕೈಯಲ್ಲಿ, ಅರ್ಧ ಇಂಜಿನ್ನಿನ ಒಳಗೆ. ಆ ಮೆತ್ತಗಿನ ಅನುಭವವನ್ನು ನೆನಪಿಟ್ಟುಕೊಳ್ಳಿ. ನಿಜವಾಗಿ ಸಡಿಲವಾಗುವ ಬೋಲ್ಟ್ 'ಟಕ್' ಎಂದು ಬಿಡುತ್ತದೆ. ಸದ್ದಿಲ್ಲದೆ ಎಳೆದುಕೊಂಡು ತಿರುಗಿದರೆ ತಕ್ಷಣ ಕೈ ನಿಲ್ಲಿಸಿ.

ಸ್ಪ್ಯಾನರ್ ಹಿಡಿಯುವ ಮೊದಲು ಕಾರಣ ಹುಡುಕಿ. ತುಕ್ಕು ಹಿಡಿದ ಕಬ್ಬಿಣ ಉಬ್ಬಿಕೊಳ್ಳುತ್ತದೆ, ಥ್ರೆಡ್‌ಗಳ ನಡುವಿನ ಜಾಗವೆಲ್ಲ ತುಂಬಿಹೋಗುತ್ತದೆ. ಅಲ್ಯುಮಿನಿಯಂ ಒಳಗೆ ಕೂತ ಉಕ್ಕಿನ ಬೋಲ್ಟ್‌ಗೆ ನೀರು, ಉಪ್ಪು ತಾಗಿದರೆ ಅಲ್ಯುಮಿನಿಯಂ ಸವೆದು ಬಿಳಿ ಪುಡಿಯಾಗಿ ಬೋಲ್ಟನ್ನು ಕಚ್ಚಿಕೊಳ್ಳುತ್ತದೆ. ಕೆಲವು ಕಡೆ ಕಂಪನಿಯವರೇ ಥ್ರೆಡ್ ಲಾಕ್ ಅಂಟು ಹಾಕಿರುತ್ತಾರೆ. ಇನ್ನು ಕೆಲವು ಉಲ್ಟಾ ಥ್ರೆಡ್‌ನವು, ಬಲಕ್ಕೆ ತಿರುಗಿಸಿದರೆ ಬಿಚ್ಚುವಂಥವು. ಯಮಹಾ ಬೈಕುಗಳ ಬಲಗಡೆ ಕನ್ನಡಿ ಹಲವು ಸಲ ಹೀಗಿರುತ್ತದೆ. ಬಿಚ್ಚುತ್ತಿದ್ದೇವೆ ಅಂದುಕೊಂಡು ಬಿಗಿ ಮಾಡುತ್ತಲೇ ಇರುತ್ತೇವೆ! ಸರ್ವಿಸ್ ಮ್ಯಾನುಯಲ್ ಒಮ್ಮೆ ನೋಡಿಬಿಡಿ.

ಈಗ ತಂತಿ ಬ್ರಶ್‌ನಿಂದ ಬೋಲ್ಟಿನ ಸುತ್ತ ಉಜ್ಜಿ. ತಲೆಯಲ್ಲಿ ಆರು ಮೂಲೆಯ ಗುಳಿಯಿರುವ ಅಲೆನ್ ಬೋಲ್ಟ್ ಆದರೆ ಗುಳಿಯೊಳಗಿನ ಮಣ್ಣನ್ನು ಸೂಜಿಯಿಂದ ಕೆದಕಿ ತೆಗೆಯಿರಿ. ಮಣ್ಣು ಉಳಿದರೆ ಕೀ ಪೂರ್ತಿ ಕೂರುವುದಿಲ್ಲ, ಮೂಲೆಗಳು ಸವೆಯುತ್ತವೆ. ನಟ್‌ಗೆ ಆರು ಮೂಲೆಯ ಸಾಕೆಟ್ಟೇ ಬೇಕು. ಹನ್ನೆರಡು ಮೂಲೆಯದು ಜಾರುವುದು ಜಾಸ್ತಿ. ಜಪಾನಿ ಬೈಕುಗಳ ಸ್ಟಾರ್ ಸ್ಕ್ರೂಗಳ ತಲೆಯಲ್ಲಿ ಸಣ್ಣ ಚುಕ್ಕೆ ಕಂಡರೆ ಅವು ಜೆಐಎಸ್, ಅಂದರೆ ಜಪಾನಿನ ಕೈಗಾರಿಕಾ ಮಾನದಂಡದ ಅಳತೆಯವು. ನೋಡಲು ಫಿಲಿಪ್ಸ್ ತರಹವೇ ಇದ್ದರೂ ಫಿಲಿಪ್ಸ್ ಡ್ರೈವರ್ ಅದರಲ್ಲಿ ಸರಿಯಾಗಿ ಕೂರದೆ ಮೇಲೆದ್ದು ಬರುತ್ತದೆ. ಜೆಐಎಸ್ ಡ್ರೈವರ್ ಒಂದು ತಂದಿಟ್ಟುಕೊಳ್ಳಿ. ಅರ್ಧ ತಲೆನೋವು ಅಲ್ಲಿಗೇ ಮುಗಿಯುತ್ತದೆ.

ಮುಂದಿನದು ಎಣ್ಣೆ. ಡಬ್ಲ್ಯೂಡಿ-40 ಎಂಬ ಸ್ಪ್ರೇ ಎಣ್ಣೆಯ ಹೆಸರಿನ ಅರ್ಥವೇ ನೀರನ್ನು ಓಡಿಸುವುದು. 1953ರಲ್ಲಿ ಅದನ್ನು ಮಾಡಿದ್ದೂ ಅದಕ್ಕೇ. ಮೊಂಡು ಬೋಲ್ಟ್‌ಗಳಿಗೆ ತುಕ್ಕು ಬಿಡಿಸಲೆಂದೇ ಮಾಡಿದ ಪೆನೆಟ್ರೇಟಿಂಗ್ ಆಯಿಲ್ ವಾಸಿ. ನಾಲ್ಕು ಹನಿ ಹಾಕಿ, ಸುತ್ತಿಗೆಯಿಂದ ತಲೆಗೆ ಮೆಲ್ಲಗೆ ಬಡಿಯಿರಿ, ಮತ್ತೆ ಹನಿ ಹಾಕಿ. ಬಡಿತಕ್ಕೆ ತುಕ್ಕು ಬಿರುಕು ಬಿಟ್ಟು ಎಣ್ಣೆಗೆ ದಾರಿಯಾಗುತ್ತದೆ. ಆಮೇಲೆ ಬಿಟ್ಟುಬಿಡಿ. ಹತ್ತು ನಿಮಿಷ ಸಾಲದು, ಒಂದು ರಾತ್ರಿ ಬಿಡಿ. ಎಷ್ಟೋ ಬೋಲ್ಟ್‌ಗಳು ಮುರಿಯುವುದು ಈ ಒಂದು ರಾತ್ರಿ ಕಾಯದೆ. ಬ್ರೇಕ್ ಡಿಸ್ಕ್, ಪ್ಯಾಡ್‌ಗಳನ್ನು ಮಾತ್ರ ಬಟ್ಟೆಯಿಂದ ಮುಚ್ಚಿರಿ. ಅಲ್ಲಿಗೆ ಎಣ್ಣೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ.

ಬೆಳಿಗ್ಗೆ ಮೊದಲು ಒಂದಿಷ್ಟೇ ಬಿಗಿ ಮಾಡುವ ಕಡೆ ತಿರುಗಿಸಿ, ನಂತರ ಬಿಚ್ಚಿ. ಅಲುಗಿದರೆ ಬಿಚ್ಚುವ ಕಡೆ ಕಾಲು ಸುತ್ತು, ಅದರ ಅರ್ಧದಷ್ಟು ಹಿಂದಕ್ಕೆ, ನಡುನಡುವೆ ಎಣ್ಣೆ. ಸ್ಕ್ರೂಗಳಿಗಾದರೆ ಸುತ್ತಿಗೆಯಿಂದ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ಬಳಸಿ. ಒಂದೇ ಏಟಿಗೆ ಅದು ಸ್ಕ್ರೂವನ್ನು ಒಳಕ್ಕೆ ಒತ್ತಿ ತಿರುಗಿಸುತ್ತದೆ, ಹಾಗಾಗಿ ತಲೆ ಸವೆಯುವುದು ಕಡಿಮೆ.

ಅದಕ್ಕೂ ಜಗ್ಗದಿದ್ದರೆ ಬಿಸಿ. ಅಲ್ಯುಮಿನಿಯಂ ಬಿಸಿಗೆ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಆದ್ದರಿಂದ ಬೋಲ್ಟಿನ ಸುತ್ತಲಿನ ಅಲ್ಯುಮಿನಿಯಂಗೆ ಹಾಟ್ ಏರ್ ಗನ್ ಹಿಡಿಯಿರಿ, ಬಿಸಿಯಿದ್ದಾಗಲೇ ತಿರುಗಿಸಿ. ಕೆಂಪು ಥ್ರೆಡ್ ಲಾಕ್ ಮೆತ್ತಗಾಗಲು ಸುಮಾರು 250 ಡಿಗ್ರಿ ಸೆಲ್ಸಿಯಸ್ ಬೇಕು. ಪೆಟ್ರೋಲ್ ಟ್ಯಾಂಕ್ ಕಳಚಿ ದೂರ ಇಟ್ಟ ಮೇಲೆಯೇ ಇದಕ್ಕೆ ಕೈಹಾಕಿ. ಹಚ್ಚಿದ ಎಣ್ಣೆಯನ್ನು ಒರೆಸಿರಬೇಕು. ಆಯಿಲ್ ಸೀಲ್, ಬೇರಿಂಗ್ ಪಕ್ಕದಲ್ಲಿದ್ದರೆ ಬಿಸಿ ಬೇಡ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹೊಡೆದ ಜಾಗಕ್ಕಂತೂ ಖಂಡಿತ ಬೇಡ, ಬಿಸಿಗೆ ಅದರಿಂದ ವಿಷದ ಗಾಳಿ ಏಳುತ್ತದೆ.

ಬೋಲ್ಟಿನ ತಲೆ ಸವೆದು ದುಂಡಗಾಗಿದ್ದರೆ ಹ್ಯಾಕ್ಸಾದಿಂದ ಅದರ ಮೇಲೆ ಒಂದು ಗೆರೆ ಕೊಯ್ದು ಚಪ್ಪಟೆ ಡ್ರೈವರ್ ಹಾಕಬಹುದು. ಅಲೆನ್ ಗುಳಿ ಸವೆದಿದ್ದರೆ ಒಂಚೂರು ದೊಡ್ಡ ಟಾರ್ಕ್ಸ್ (ಆರು ಮೊನೆಯ ನಕ್ಷತ್ರದಾಕಾರದ) ಬಿಟ್ ಬಡಿದು ಕೂರಿಸಿ. ಮುರಿದ ತುಂಡು ಹೊರಗೆ ಚಾಚಿದ್ದರೆ ಲಾಕಿಂಗ್ ಪ್ಲೈಯರ್ ಸಾಕು.

ಒಳಗೇ ಮುರಿದಿದ್ದರೆ? ಸರಿಯಾಗಿ ನಡುಮಧ್ಯೆ ಪಂಚ್ ಹೊಡೆದು, ಎಡಕ್ಕೆ ತಿರುಗುವ ಡ್ರಿಲ್ ಬಿಟ್‌ನಿಂದ ನಿಧಾನ ಕೊರೆಯಬೇಕು. ಕೆಲವೊಮ್ಮೆ ಕೊರೆಯುವಾಗಲೇ ತುಂಡು ಸುತ್ತಿಕೊಂಡು ಹೊರಗೆ ಬರುತ್ತದೆ. ಮುರಿದ ತುಂಡನ್ನು ಕಚ್ಚಿ ಹೊರತೆಗೆಯುವ ಸಣ್ಣ ಎಕ್ಸ್‌ಟ್ರಾಕ್ಟರ್‌ಗಳನ್ನು ನಾನು ನಂಬುವುದಿಲ್ಲ. ಅವು ತುಂಬ ಗಟ್ಟಿ ಉಕ್ಕಿನವು, ಒಳಗೆ ಮುರಿದರೆ ಸಾಧಾರಣ ಡ್ರಿಲ್ ಅದರ ಮೇಲೆ ಓಡುವುದಿಲ್ಲ. ಆ ಹಂತದಲ್ಲಿ ಲೇತ್ ಕೆಲಸದವರ ಹತ್ತಿರ ಹೋಗಿ. ಮುರಿದ ತುಂಡಿಗೆ ನಟ್ ವೆಲ್ಡ್ ಮಾಡಿ ತೆಗೆಯುವುದು ಅವರಿಗೆ ಬರುತ್ತದೆ.

ಹಳೆಯ ಬೋಲ್ಟನ್ನು ಮತ್ತೆ ಹಾಕಬೇಡಿ. ರಂಧ್ರದ ಥ್ರೆಡ್ ಚೊಕ್ಕ ಮಾಡಿ, ಸೈಲೆನ್ಸರ್ ಸ್ಟಡ್‌ನಂಥ ಕಡೆ ಬೋಲ್ಟ್ ಕಚ್ಚಿಕೊಳ್ಳದಂತೆ ತಡೆಯುವ ತಾಮ್ರದ ಆಂಟಿ-ಸೀಜ್ ಪೇಸ್ಟ್ ತೆಳ್ಳಗೆ ಸವರಿ. ಜಾರಿಕೆ ಇರುವ ಥ್ರೆಡ್‌ಗೆ ಒಣ ಥ್ರೆಡ್‌ನಷ್ಟು ಬಿಗಿ ಬೇಡ, ಸ್ವಲ್ಪ ಕಡಿಮೆ ಮಾಡಿ. ಮೊದಲ ಮೂರು ನಾಲ್ಕು ಸುತ್ತು ಬೆರಳಿನಲ್ಲೇ ತಿರುಗಿಸಿ, ಸ್ಪ್ಯಾನರ್ ಆಮೇಲೆ.